ಕಾಶಿಯಲ್ಲಿ ರೂಮು: ಹೋಟೆಲ್ಲಾ, ಗೆಸ್ಟ್‌ಹೌಸಾ?

ಕಾಶಿಗೆ ಹೊರಟವರು ಮೊದಲು ಬಾಡಿಗೆ ಎಷ್ಟು ಅಂತ ನೋಡುತ್ತಾರೆ. ಅದಕ್ಕಿಂತ ಮೊದಲು ಜೊತೆಗೆ ಬರುವವರ ಮಂಡಿನೋವು ವಿಚಾರಿಸಿಕೊಳ್ಳಿ. ಘಾಟ್ ಎಂದರೆ ಮೆಟ್ಟಿಲುಗಳ ಸಾಲು. ಹಳೇ ಊರಿನ ಗಲ್ಲಿಗಳಿಗೆ ಕಾರು, ಆಟೋ ಬರುವುದಿಲ್ಲ. ಲಗೇಜ್ ಹೊತ್ತು ನಡೆಯಲೇಬೇಕು.

ಜಾಗ ಗೊತ್ತು ಮಾಡಿಕೊಳ್ಳಿ

ವಿಶ್ವನಾಥನ ದರ್ಶನವೇ ಮುಖ್ಯ ಎನ್ನುವವರಿಗೆ ಗುಡಿಗೆ ಹತ್ತಿರದ ಗೋದೌಲಿಯಾ ಚೌಕದ ಸುತ್ತಮುತ್ತ ಅನುಕೂಲ. ದಶಾಶ್ವಮೇಧ ಘಾಟ್ ಹತ್ತಿರವೇ ಇದೆ. ಸಂಜೆ ಗಂಗಾರತಿ ಮುಗಿಸಿ ನಡೆದೇ ರೂಮಿಗೆ ಬರಬಹುದು. ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ, ಅದನ್ನು ರೂಮಿನಲ್ಲೇ ಇಟ್ಟು ಹೋಗಬಹುದು. ಆದರೆ ಗದ್ದಲ ಜಾಸ್ತಿ.

ಸ್ವಲ್ಪ ನೆಮ್ಮದಿ ಬೇಕೆಂದರೆ ದಕ್ಷಿಣ ತುದಿಯ ಅಸ್ಸಿ ಘಾಟ್ ನೋಡಿ. ದಶಾಶ್ವಮೇಧಕ್ಕೂ ಅಸ್ಸಿಗೂ ನಡುವೆ ಕೇದಾರ ಘಾಟ್, ಹನುಮಾನ್ ಘಾಟ್ ಇವೆ. ದಕ್ಷಿಣ ಭಾರತದವರು ತಲೆಮಾರುಗಳಿಂದ ನೆಲೆಸಿರುವ ಜಾಗ. ಹಿರಿಯರಿಗೆ ನಮ್ಮ ಕಡೆಯ ಊಟ, ನಮ್ಮ ಕಡೆಯ ಪುರೋಹಿತರು ಬೇಕಿದ್ದರೆ ಇಲ್ಲೇ ಹುಡುಕಿ. ಮಣಿಕರ್ಣಿಕಾ ಘಾಟ್‌ಗೆ ಅಂಟಿಕೊಂಡ ರೂಮು ಹಿಡಿಯುವ ಮುನ್ನ ಯೋಚಿಸಿ. ಅಲ್ಲಿ ಹಗಲೂ ರಾತ್ರಿ ಚಿತೆ ಉರಿಯುತ್ತದೆ, ಹೊಗೆ ಕಿಟಕಿಗೇ ಬರುತ್ತದೆ. ಮುಖ್ಯ ರೈಲ್ವೆ ಸ್ಟೇಷನ್ (ವಾರಾಣಸಿ ಜಂಕ್ಷನ್) ಹತ್ತಿರದ ಹೋಟೆಲು ತಡರಾತ್ರಿ ಇಳಿಯುವವರಿಗೆ ಮಾತ್ರ ಸರಿ. ಅಲ್ಲಿಂದ ಗೋದೌಲಿಯಾ 4-5 ಕಿ.ಮೀ. ದೂರ.

ಹೋಟೆಲ್ಲಾ, ಗೆಸ್ಟ್‌ಹೌಸಾ?

ವಯಸ್ಸಾದವರಿದ್ದರೆ ಮುಖ್ಯ ರಸ್ತೆಯ ಸಾಧಾರಣ ಹೋಟೆಲ್ಲೇ ಸರಿ. ಲಿಫ್ಟ್ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ. ನಡೆಯಬಲ್ಲವರಿಗೆ ನನ್ನ ಓಟು ಗಲ್ಲಿಯ ಗೆಸ್ಟ್‌ಹೌಸಿಗೆ. ಎಷ್ಟೋ ಕಡೆ ಮನೆಯವರೇ ನಡೆಸುತ್ತಾರೆ. ಬೆಳಗಿನ ಜಾವ ದೋಣಿ ಎಲ್ಲಿ ಸಿಗುತ್ತದೆ, ದರ್ಶನದ ಸಾಲು ಯಾವಾಗ ಕಡಿಮೆ ಎಂದು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು. ರಾತ್ರಿ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಿ. ಖರ್ಚು ಇನ್ನೂ ಕಡಿಮೆಯಾಗಬೇಕೆಂದರೆ ಮಠ, ಛತ್ರಗಳಿವೆ. ಗೋದೌಲಿಯಾ ಬಳಿಯ ಜಂಗಮವಾಡಿ ಮಠದಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಫೋನ್ ಮಾಡಿ ಕೇಳಿ

ರಿಕ್ಷಾ ಎಲ್ಲಿವರೆಗೆ ಬರುತ್ತದೆ? ಅಲ್ಲಿಂದ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು? ಬಿಸಿನೀರು ಇಡೀ ದಿನವಾ, ಬೆಳಿಗ್ಗೆ ಮಾತ್ರವಾ? ಚೆಕ್‌ಔಟ್ ಮಧ್ಯಾಹ್ನ 12ಕ್ಕಾ, 24 ಗಂಟೆ ಲೆಕ್ಕವಾ? 'ಗಂಗಾ ವ್ಯೂ' ಎಂದರೆ ಆ ರೂಮಿನ ಕಿಟಕಿಯಿಂದಲೇ ತೆಗೆದ ಫೋಟೊ ಕೇಳಿ. ಎಷ್ಟೋ ಸಲ ನದಿ ಕಾಣುವುದು ತಾರಸಿಯಿಂದ ಮಾತ್ರ, ಹಣ ಕೊಡುವುದು ರೂಮಿಗೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಂಗೆ ಉಕ್ಕಿ ಘಾಟ್‌ಗಳು ಮುಳುಗಿದರೆ ಘಾಟ್ ಕಡೆಯಿಂದ ಬರುವ ದಾರಿಯೇ ಇರುವುದಿಲ್ಲ. ಆಗ ಗಲ್ಲಿ ಕಡೆಯಿಂದ ಬಾಗಿಲಿದೆಯಾ ಎಂದು ಕೇಳಿ. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ರೈಲು ಗಂಟೆಗಟ್ಟಲೆ ತಡವಾಗುತ್ತದೆ. ಹಾಗಾದರೆ ತಕ್ಷಣ ತಿಳಿಸಿ, ಇಲ್ಲದಿದ್ದರೆ ರೂಮು ಬೇರೆಯವರಿಗೆ ಹೋದೀತು.

ಮಹಾಶಿವರಾತ್ರಿ, ಕಾರ್ತಿಕ ಹುಣ್ಣಿಮೆಯ ದೇವ್ ದೀಪಾವಳಿ ಹೊತ್ತಿಗೆ ಬಾಡಿಗೆ ಹಲವು ಪಟ್ಟು ಏರುತ್ತದೆ. ಒಪ್ಪಿದ ಬಾಡಿಗೆಯನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಇಳಿದ ಮೇಲೆ

"ಆ ಹೋಟೆಲ್ ಮುಚ್ಚಿದೆ, ಬೇರೆ ತೋರಿಸ್ತೀನಿ" ಎನ್ನುವವರು ಕಮಿಷನ್‌ಗಾಗಿ ಕಾಯುವವರು. ಅವರ ಹಿಂದೆ ಹೋಗದೆ ಮಾಲೀಕರಿಗೇ ಫೋನ್ ಮಾಡಿ. ಗಲ್ಲಿಯ ಬಾಯಿಗೆ ಹುಡುಗನನ್ನು ಕಳಿಸಲು ಹೇಳಿ. ರೂಮಿಗೆ ಹೋದವರೇ ನಲ್ಲಿ ತಿರುಗಿಸಿ, ಹಾಸಿಗೆ ಹೊದಿಕೆ ಎತ್ತಿ ನೋಡಿ, ಕಿಟಕಿಗೆ ಜಾಲರಿ ಇದೆಯಾ ನೋಡಿ. ಕಾಶಿಯ ಕೋತಿಗಳು ತೆರೆದ ಕಿಟಕಿ ಬಿಡುವುದಿಲ್ಲ. ಮೊದಲು ಒಂದು ರಾತ್ರಿಯ ಹಣ ಮಾತ್ರ ಕೊಡಿ. ಜಾಗ ಹಿಡಿಸಿದರೆ ಬೆಳಿಗ್ಗೆ ಉಳಿದ ದಿನಗಳ ಮಾತಾಡಬಹುದು.