‘ಅಪ್ಪಿ’ ಮುರಿದು ಬಿದ್ದ ಗೇಮು

ಮಳೆ ಜೋರು ಅಂತ ಶಾಲೆಗೆ ರಜೆ ಕೊಟ್ಟ ದಿನ. ಶಿರಸಿಯಲ್ಲಿ ಮನೆಯೊಳಗೇ ಕೂತು ಪುಟ್ಟ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ) ಗೇಮೊಂದನ್ನು ಆಡುತ್ತಿದ್ದೆ. ತಂಗಿಯ ಮಗಳು ಇಣುಕಿ ನೋಡಿ, “ಮಾವ, ಇದು ಕನ್ನಡದಲ್ಲಿ ಇಲ್ವಾ?” ಎಂದಳು.

ಇರಲಿಲ್ಲ. ಆದರೆ ಅದು ಆರ್‌ಪಿಜಿ ಮೇಕರ್ ಎಂವಿ ಅನ್ನೋ, ಗೇಮ್ ತಯಾರಿಸುವ ಸಾಫ್ಟ್‌ವೇರಿನಲ್ಲಿ ಮಾಡಿದ ಗೇಮ್. ಮಾತುಗಳೆಲ್ಲ ಡೇಟಾ ಫೋಲ್ಡರಿನ ಜೇಸನ್ ಅನ್ನೋ ಸಾದಾ ಪಠ್ಯದ ಫೈಲುಗಳಲ್ಲಿ ಇರುತ್ತವೆ, ತಿದ್ದೋಕೆ ನೋಟ್‌ಪ್ಯಾಡ್ ಸಾಕು. ಗೇಮ್ ಮಾಡಿದವರಿಗೆ ಮೇಲ್ ಹಾಕಿ ಕೇಳಿದೆ, ಮಾಡಿಕೊಳ್ಳಿ ಅಂದರು. ಪೋಶನ್ (ಕುಡಿದರೆ ಶಕ್ತಿ ಬರುವ ಮದ್ದು) ಅನ್ನೋದನ್ನು ‘ಕಷಾಯ’ ಮಾಡಿದೆ. ನಮ್ಮ ಕಡೆ ಬೇರೆ ಇನ್ನೇನು ಮಾಡೋಕಾಗುತ್ತೆ! ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದೆ.

ಮೆನುವಿನಲ್ಲಿ ‘ಕತ್ತಿ’, ‘ಕಷಾಯ’ ಎಲ್ಲ ಚೆಂದ ಬಂತು. ಊರಿನ ಮುದುಕನನ್ನು ಮಾತಾಡಿಸಿದ್ದೇ ತಡ, ಅವನು ಕರೆದ ‘ಅಪ್ಪಿ’ ಬಿಡಿಬಿಡಿಯಾಗಿ ಉದುರಿತು. ಒಂದು ಅ, ಒಂದು ಪ, ಚುಕ್ಕಿಗಳ ಉಂಗುರಕ್ಕೆ (ಚಿಹ್ನೆಗೆ ಆಸರೆಯ ಅಕ್ಷರ ಇಲ್ಲದಾಗ ಕಾಣುವ ಗುರುತು) ಅಂಟಿದ, ಅಕ್ಷರದ ಸ್ವರ ತೆಗೆಯುವ ಹಲಂತ, ಮತ್ತೆ ಪ, ಇನ್ನೊಂದು ಉಂಗುರದ ಮೇಲೆ ಗುಡಿಸು.

“ಮಾವ, ಅಕ್ಷರ ಎಲ್ಲ ಪುಡಿಯಾಗಿದೆ!”

ಎರಡು ದಿನ ಫಾಂಟನ್ನೇ ಬೈದೆ. ತಪ್ಪು ಅದರದ್ದಲ್ಲ. ಮೆನುವಿನಲ್ಲಿ ಎಂವಿ ಇಡೀ ಪದವನ್ನು ಒಟ್ಟಿಗೆ ಬರೆಯುತ್ತದೆ. ಮಾತಿನ ಕಿಟಕಿಯಲ್ಲಿ ಮಾತ್ರ ಟೈಪ್ ಮಾಡಿದ ಹಾಗೆ ಕಾಣಲಿ ಅಂತ ಒಂದೊಂದೇ ಯೂನಿಕೋಡ್ ಚಿಹ್ನೆ (ಕಂಪ್ಯೂಟರಿನ ಲೆಕ್ಕದ ಅಕ್ಷರ) ಬರೆಯುತ್ತದೆ. ಇಂಗ್ಲಿಷಿಗೆ ಅದು ಸಾಕು. ನಮ್ಮ ‘ಅಪ್ಪಿ’ ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರಿಗೆ ಐದು.

ಗೇಮಿಗೆ ಸೇರಿಸೋ ಸಣ್ಣದೊಂದು ಪ್ಲಗಿನ್ (ಕೋಡ್ ತುಂಡು) ಬರೆದೆ. ಅದಕ್ಕೆ ಹೇಳಿದ್ದು ಇಷ್ಟು: ಒಂದು ಅಕ್ಷರ ತೆಗೆದುಕೊಂಡ ಮೇಲೆ ಮುಂದೆ ಸ್ವರಚಿಹ್ನೆ, ಅನುಸ್ವಾರ, ಹಲಂತ ಏನಿದ್ದರೂ ಸೇರಿಸಿಕೊ. ಹಲಂತ ಬಂದರೆ ಅದರ ಮುಂದಿನದನ್ನೂ ಎಳೆದುಕೊ. ಆಮೇಲೆ ಒಮ್ಮೆಗೇ ಬರೆ. ಅವಸರದಲ್ಲಿ, ಮುಂದಿನದು ವ್ಯಂಜನ ಹೌದೋ ಅಲ್ಲವೋ ನೋಡೋದನ್ನು ಬಿಟ್ಟಿದ್ದೆ. ಸಾಲಿನ ಕೊನೆಗೆ ‘ಗೇಟ್’ ಬಂದರೆ ಹಲಂತವು ಹೊಸ ಸಾಲಿನ ಗುರುತನ್ನೇ ನುಂಗಿಬಿಡುತ್ತಿತ್ತು. ಮಾತು ಕಿಟಕಿ ದಾಟಿ ಓಡುತ್ತಿತ್ತು.

ಪ್ರತಿ ಸಲ ಕೋಟೆಯ ತನಕ ಆಡಿ ಮಾತು ಪರೀಕ್ಷಿಸೋದು ಯಾರಿಗೆ ಬೇಕು? ಆಟ ಎಲ್ಲಿಗೆ ಬಂತು ಅಂತ ಉಳಿಸಿಡುವ ಸೇವ್ ಫೈಲಿಗೆ ಕೈ ಹಾಕಿದೆ. ಅದೂ ಜೇಸನ್ನೇ, ಎಲ್‌ಝೆಡ್-ಸ್ಟ್ರಿಂಗ್ ಅನ್ನೋ ಕೋಡಿನಿಂದ ಕುಗ್ಗಿಸಿ ಬೇಸ್64 ಅನ್ನೋ ಅಕ್ಷರ-ಅಂಕಿಗಳ ರೂಪಕ್ಕೆ ತಂದಿರುತ್ತಾರೆ. ಅದನ್ನು ಬಿಚ್ಚುವ ಕೋಡ್ ಗೇಮಿನೊಳಗೇ ಇದೆ. ಕೋಟೆ ಬಾಗಿಲು ತೆರೆದಿದೆಯೋ ಇಲ್ಲವೋ ಅನ್ನೋ ಸ್ವಿಚ್ಚನ್ನು ಟ್ರೂ (ಹೌದು) ಮಾಡಿದೆ. ಸುಮ್ನೆ ಆಸೆಗೆ ಚಿನ್ನವನ್ನೂ 99999999ಕ್ಕೆ ಏರಿಸಿದೆ, ಎಂವಿಯ ಮಿತಿ ಅಷ್ಟೇ. ಅಲ್ಲಲ್ಲಿ ಅಟ್ (@) ಚಿಹ್ನೆಯ ಸಾಲುಗಳಿದ್ದವು. ಕಸ ಅಂತ ಒಂದನ್ನು ಅಳಿಸಿದೆ. ಗೇಮ್ ಲೋಡ್ ಆಗುವಾಗಲೇ ಎರರ್ ಕೊಟ್ಟು ನಿಂತಿತು. ಯಾವ ತುಂಡು ಯಾವ ಜಾತಿಯ ವಸ್ತು ಅಂತ ಗೇಮ್ ಗುರುತು ಹಿಡಿಯೋದು ಆ ಸಾಲಿನಿಂದಲೇ. ಕಾಪಿ ಇಟ್ಟುಕೊಂಡಿದ್ದೆ, ಬಚಾವಾದೆ.

ಎಲ್ಲ ಕನ್ನಡವಾದರೂ ಹೀರೋ ಹೆಸರು ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಡೇಟಾದಲ್ಲಿ ಎಷ್ಟು ಸಲ ತಿದ್ದಿದರೂ ಅಷ್ಟೇ. ಮಾತುಗಳನ್ನು ಡೇಟಾದಿಂದ ಹೊಸದಾಗಿ ಓದುತ್ತದೆ, ಆದರೆ ಹೆಸರು ಹಳೆಯ ಸೇವ್‌ನಲ್ಲೇ ಕೂತಿರುತ್ತದೆ!

“ಹಂಗಾದ್ರೆ ನನ್ನ ಹೆಸರು ಹಾಕು ಮಾವ.”

ಹಾಕಿದೆ. ಅವಳ ಹೆಸರಲ್ಲಿ ಎರಡು ಒತ್ತಕ್ಷರ. ಮುದುಕ ಹೆಸರು ಹಿಡಿದು ಕರೆದ, ಒಂದೂ ಮುರಿಯಲಿಲ್ಲ.