ಇಂಗ್ಲೆಂಡಿಗೆ ಹೊರಟ ಕಲಬುರಗಿಯ ತಮ್ಮ-ತಂಗಿಯರಿಗೆ

ಈ ಸಲ ಶರಣಬಸವೇಶ್ವರ ಜಾತ್ರೆಗೆ ಇಂಗ್ಲೆಂಡಿನಿಂದ ಕಲಬುರಗಿಗೆ ಬಂದಿದ್ದೆ. ತೇರು ಎಳೆದ ಮರುದಿನ ನಮ್ಮ ಓಣಿಯ ಹುಡುಗ-ಹುಡುಗಿಯರು ಐದಾರು ಮಂದಿ ಮನೆಗೆ ಬಂದರು. ಎಲ್ಲರೂ ಸೆಪ್ಟೆಂಬರಿಗೆ ಓದಲಿಕ್ಕೆ ಇಂಗ್ಲೆಂಡಿಗೆ ಹೊರಟವರು. ರೂಮಿನ ಬಾಡಿಗೆ, ಪಾರ್ಟ್ ಟೈಮ್ ಕೆಲಸ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಎಲ್ಲಾ ಕೇಳಿದರು, ಹೇಳಿದೆ. ಏಳುವಾಗ ಒಬ್ಬಳು ಕೇಳಿದಳು: "ಅಣ್ಣಾ, ಅಲ್ಲಿ ಮಂದಿ ನಮ್ಮನ್ನ ಮಾತಾಡಸ್ತಾರೇನ್ರಿ?"

ಅದಕ್ಕೆ ಬಾಗಿಲಲ್ಲಿ ನಿಂತು ಹೇಳುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ತಾವಾಗಿ ಬಂದು ಮಾತಾಡಿಸುವವರು ಕಡಿಮೆ, ತಂಗಿ. ನಮ್ಮಲ್ಲಿ ಅಗಸಿ ಕಟ್ಟೆಗೆ ಹೋಗಿ ಕೂತರೆ ಸಾಕು, "ಯಾರ ಮನಿಯವ್ರು?" ಎಂದು ಯಾರಾದರೂ ಕೇಳುತ್ತಾರೆ. ಅಲ್ಲಿ ಪಕ್ಕದ ಮನೆಯವರು ತಲೆಯಾಡಿಸಿ ಹೋಗುತ್ತಾರೆ. ಅದು ಸೊಕ್ಕಲ್ಲ, ಸಂಕೋಚ. ಅವರ ಜೊತೆ ಒಂದು ಕೆಲಸಕ್ಕೆ ಕೈ ಹಾಕಿದ ದಿನ ಆ ಸಂಕೋಚ ಬಿಡುತ್ತದೆ. ಇಪ್ಪತ್ತು ವರ್ಷದಲ್ಲಿ ನಾನು ಕಂಡದ್ದು ಇದೇ.

ನನಗೆ ಆ ಕೆಲಸ ಸಿಕ್ಕಿದ್ದು ಫುಡ್ ಬ್ಯಾಂಕಿನಲ್ಲಿ. ಕೈಯಲ್ಲಿ ಕಾಸಿಲ್ಲದ ಕುಟುಂಬಗಳಿಗೆ ಮೂರು ದಿನದ ದಿನಸಿ ಕಟ್ಟಿ ಕೊಡುವ ಜಾಗ ಅದು. ದಾಸೋಹದ ನಾಡಿನವನು, ಬರಿಗೈಲಿ ಹೋಗಬಾರದೆಂದು ಊರಿಂದ ತಂದಿದ್ದ ತೊಗರಿ ಬೇಳೆಯನ್ನು ಕಿಲೋ ಕಿಲೋ ಪೊಟ್ಟಣ ಕಟ್ಟಿ ಒಯ್ದೆ. 2019ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ಕಲಬುರಗಿ ಬೇಳೆ. ಅಲ್ಲಿದ್ದ ವಯಸ್ಸಾದ ಹೆಂಗಸು ಪೊಟ್ಟಣವನ್ನು ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದರು: ಇದು ಬೇಯಲು ಎಷ್ಟು ಹೊತ್ತು ಬೇಕು? ಕುಕ್ಕರ್ ಇಲ್ಲದಿದ್ದರೆ ಮುಕ್ಕಾಲು ತಾಸು ಎಂದೆ. ಆಗ ಅವರು ತಿಳಿಸಿ ಹೇಳಿದರು. ಇಲ್ಲಿಗೆ ಬರುವವರಲ್ಲಿ ಬಹಳ ಮಂದಿಯ ಮನೆಯಲ್ಲಿ ಮೊಬೈಲಿಗೆ ಹಾಕಿದ ಹಾಗೆ ಮೊದಲೇ ದುಡ್ಡು ತುಂಬಬೇಕಾದ ಗ್ಯಾಸ್, ಕರೆಂಟ್ ಮೀಟರು ಇರುತ್ತದಂತೆ. ದುಡ್ಡು ಮುಗಿದರೆ ಒಲೆಯೂ ಆರುತ್ತದೆ. ಅವರಿಗೆ ಬೇಕಾದದ್ದು ಡಬ್ಬಿ ತೆರೆದು ತಿನ್ನುವಂಥದ್ದು, ಕೆಡದ ಹಾಲು, ಮಕ್ಕಳ ಡೈಪರ್.

ಬೇಳೆ ವಾಪಸ್ ತಂದೆ. ಮರುವಾರದಿಂದ ಡಬ್ಬಿಗಳ ತಾರೀಕು ನೋಡಿ ಜೋಡಿಸುವ ಕೆಲಸಕ್ಕೆ ನಿಂತೆ. ನಾಲ್ಕು ತಿಂಗಳಾದ ಮೇಲೆ, ಚಳಿಗಾಲದಲ್ಲಿ ಅಲ್ಲಿನ ಸಭಾಂಗಣದಲ್ಲಿ ಎಲ್ಲರಿಗೂ ಬಿಸಿ ಊಟ ಮಾಡುವುದಿತ್ತು. ಆ ಅಮ್ಮನೇ ಬಂದು "ನಿನ್ನ ಬೇಳೆ ತಾ" ಎಂದರು. ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಬೇಳೆಯನ್ನು ಬ್ರೆಡ್ಡಿನ ಜೊತೆ ಮಂದಿ ಎರಡೆರಡು ಸಲ ಹಾಕಿಸಿಕೊಂಡರು. ಅದಕ್ಕೇ ಹೇಳುತ್ತೇನೆ, ಕೊಡುವ ಮೊದಲು ಏನು ಬೇಕೆಂದು ಕೇಳಿ.

ಒಂದು ಎಚ್ಚರ. ಸ್ಟೂಡೆಂಟ್ ವೀಸಾದಲ್ಲಿ ದುಡಿಯುವ ತಾಸಿಗೆ ಮಿತಿ ಇದೆ. ಸಂಬಳವಿಲ್ಲದ ಕೆಲಸವೂ ಕೆಲವು ಸಲ ಆ ಲೆಕ್ಕಕ್ಕೆ ಸೇರುತ್ತದೆ. ಯೂನಿವರ್ಸಿಟಿಯ ವೀಸಾ ಸಲಹೆಗಾರರನ್ನು ಕೇಳಿಯೇ ಒಪ್ಪಿಕೊಳ್ಳಿ.

ಇನ್ನು ಊರಿನ ಆಡಳಿತ, ಅಂದರೆ ಅಲ್ಲಿನ ಕೌನ್ಸಿಲ್. ನಿಮ್ಮ ವಾರ್ಡಿನ ಕೌನ್ಸಿಲರ್ "ಸರ್ಜರಿ" ಇಟ್ಟಿದ್ದಾರೆ ಎಂಬ ಚೀಟಿ ಲೈಬ್ರರಿಯಲ್ಲಿ ಕಂಡರೆ ಗಾಬರಿ ಬೇಡ. ಜನರ ಅಹವಾಲು ಕೇಳಲು ಕೂರುವ ಹೊತ್ತಿಗೆ ಅಲ್ಲಿ ಹಾಗೆನ್ನುತ್ತಾರೆ. ಬೀದಿದೀಪ, ಕಸ, ಮನೆಯ ಗೋಡೆಯ ಬೂಷ್ಟು, ಏನಿದ್ದರೂ ಹೋಗಿ ಹೇಳಬಹುದು. ಪೌರತ್ವ ಕೇಳುವುದಿಲ್ಲ. ದೀಪದ ಕಂಬಕ್ಕೆ ಕಟ್ಟಿದ ನೋಟಿಸನ್ನೂ ನಿಂತು ಓದಿ. ಅಲ್ಲಿ ಏನೋ ಕಟ್ಟಲು ಹೊರಟಿದ್ದಾರೆ ಎಂದರ್ಥ. ಸಾಮಾನ್ಯವಾಗಿ 21 ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ಕೌನ್ಸಿಲ್ ಸಭೆಗಳಿಗೂ ಹೋಗಿ ಕೂರಬಹುದು. ಅನುಭವ ಮಂಟಪದ ಬಸವಕಲ್ಯಾಣ ನಮ್ಮ ಮಗ್ಗುಲಿನದು. ಸಭೆಯಲ್ಲಿ ಕೂತು ಮಾತಾಡುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಬಹಳ ಮಂದಿಗೆ ಗೊತ್ತಿಲ್ಲದ್ದು ಮತದ ವಿಷಯ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ವೀಸಾ ಮೇಲೆ ಅಲ್ಲಿ ನೆಲೆಸಿರುವ, 18 ತುಂಬಿದ ಭಾರತೀಯರು ಅಲ್ಲಿನ ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು, ವಿದ್ಯಾರ್ಥಿಗಳು ಕೂಡ. ನನ್ನ ಮೊದಲ ನಾಲ್ಕು ವರ್ಷ ಇದು ನನಗೇ ತಿಳಿದಿರಲಿಲ್ಲ, ಆ ಓಟುಗಳು ಹೋದವು ಎಂದು ಇವತ್ತಿಗೂ ಬೇಸರವಿದೆ. 2023ರಿಂದ ಇಂಗ್ಲೆಂಡಿನ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು, ನಿಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಕಾಯಂ ವಾಸದ ಅನುಮತಿ ಸಿಕ್ಕ ಮೇಲೆ ಕೌನ್ಸಿಲಿಗೆ ನಿಲ್ಲಲೂ ಬರುತ್ತದೆ. ನಮ್ಮ ಕಮಲಾಪುರದ ಡಾ. ನೀರಜ್ ಪಾಟೀಲರು ಹೀಗೆ ವಾರ್ಡಿನ ಕೆಲಸದಿಂದಲೇ ಮೇಲೆ ಬಂದು 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನ ಮೂರ್ತಿಯ ಹಿಂದೆಯೂ ಅವರ ಓಡಾಟವಿದೆ. ಲಂಡನ್ನಿಗೆ ಹೋದಾಗ ನೋಡಿ ಬನ್ನಿ.

ಕನ್ನಡ ಬಳಗ, ಯುಗಾದಿ, ರಾಜ್ಯೋತ್ಸವ ಹೇಗೂ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಹೋಗಿ, ಮನಸ್ಸು ಹಗುರಾಗುತ್ತದೆ. ಆದರೆ ಹೇಳಿಕೊಳ್ಳಲು ಅದೊಂದೇ ಜಾಗ ಇರಬಾರದು. ರಾತ್ರಿ ಕೊಳಾಯಿ ಒಡೆದರೆ ಓಡಿ ಬರುವವರು ಪಕ್ಕದ ಮನೆಯವರೇ.

ನೀವು ಇಳಿಯುವ ಹೊತ್ತಿಗೆ, ಸೆಪ್ಟೆಂಬರ್ ಆಸುಪಾಸಿನಲ್ಲಿ, ಮತದಾರರ ಪಟ್ಟಿ ತಿದ್ದುವ ಕಾಗದಗಳು ಮನೆಮನೆಗೆ ಬರುತ್ತಿರುತ್ತವೆ. ಲಕೋಟೆಯ ಮೇಲೆ ನಿಮ್ಮ ಹೆಸರಿರುವುದಿಲ್ಲ, "ಈ ಮನೆಯಲ್ಲಿರುವವರಿಗೆ" ಎಂದಷ್ಟೇ ಇರುತ್ತದೆ. ಜಾಹೀರಾತೆಂದು ಬಿಸಾಡಬೇಡಿ. ಒಡೆದು ನೋಡಿ, ಮನೆಯಲ್ಲಿರುವ, ಓಟಿನ ಹಕ್ಕಿರುವ ಎಲ್ಲರ ಹೆಸರು ಬರೆಸಿ.