ಎದುರುಗಾಳಿಯಲ್ಲಿ ಮುಂದಿನವರ ಮರೆ ಹಿಡಿಯುವುದು ಹೇಗೆ

ಜೂನ್ ಬಂತೆಂದರೆ ಪುಣೆ ಪಕ್ಕದ ನಿಗಡಿಯಿಂದ ಘಟ್ಟದ ಮೇಲಿನ ಲೋನಾವಳಾ ಕಡೆ ಸೈಕಲ್ ತುಳಿಯುವವರಿಗೆ ಗಾಳಿ ಎದುರಿಗೇ ಬಡಿಯುತ್ತದೆ. ಸಮುದ್ರದ ಕಡೆಯಿಂದ ಘಟ್ಟ ಹತ್ತಿ ಬರುವ ಮುಂಗಾರು ಗಾಳಿ ಅದು. ನಾವು ನಾಲ್ವರು ಕನ್ನಡದವರು ಭಾನುವಾರ ಬೆಳಿಗ್ಗೆ 5:30ಕ್ಕೆ ಭಕ್ತಿ-ಶಕ್ತಿ ಚೌಕದಲ್ಲಿ ಸೇರಿ ಹಳೇ ಮುಂಬೈ ಹೈವೇ ಹಿಡಿಯುತ್ತೇವೆ. ನನ್ನ ಊರು ಹುಬ್ಬಳ್ಳಿ, ಕೆಲಸ ಭೋಸರಿಯ ಮಷಿನ್ ಶಾಪಿನಲ್ಲಿ, ವಯಸ್ಸು 51. ನಾಲ್ವರಲ್ಲಿ ನನ್ನ ಕಾಲಿನ ಶಕ್ತಿಯೇ ಕಡಿಮೆ. ಆದರೂ ಅವರ ಜೊತೆಗೇ ಲೋನಾವಳಾ ಮುಟ್ಟುತ್ತೇನೆ. ಹೇಗೆ ಅಂತ ಹೊಸಬರು ಕೇಳುತ್ತಾರೆ. ಅದನ್ನೇ ಬರೆಯುತ್ತಿದ್ದೇನೆ.

ಮುಂದಿನ ಸೈಕಲ್ಲಿನ ಹಿಂದೆಯೇ ಉಳಿದು ಗಾಳಿ ತಪ್ಪಿಸಿಕೊಳ್ಳೋದು, ಅದೇ ಮರೆ ಹಿಡಿಯೋದು. ಇದನ್ನು ಕಲಿಯಬೇಕು ಅನ್ನಿಸಿದ್ದು ಡಚ್ ಸೈಕಲ್ ರೈಡರ್ ಯೋಪ್ ಝೂಟೆಮೆಲ್ಕ್ ಅವರಿಂದ. ಫ್ರಾನ್ಸಿನಲ್ಲಿ ಮೂರು ವಾರ ನಡೆಯುವ ಟೂರ್ ದ ಫ್ರಾನ್ಸ್ ಸೈಕಲ್ ರೇಸನ್ನು 16 ಸಲ ಶುರು ಮಾಡಿ, 16 ಸಲವೂ ಮುಗಿಸಿದವರು ಅವರು. 6 ಸಲ ಎರಡನೇ ಸ್ಥಾನ, 1980ರಲ್ಲಿ ಗೆಲುವು. ಆದರೆ ಜನ ಅವರ ಬಗ್ಗೆ ಆಡಿಕೊಂಡಿದ್ದು ಬೇರೆ ಮಾತು. 'ಇವರಿಗೆ ಬಿಸಿಲೇ ತಾಗಲ್ಲ, ಯಾವಾಗಲೂ ಎಡಿ ಮರ್ಕ್ಸ್ ನೆರಳಲ್ಲೇ ಇರ್ತಾರೆ' ಅಂತ. ಮರ್ಕ್ಸ್ ಅಂದರೆ ಆ ಕಾಲದ ಅತಿ ಬಲಿಷ್ಠ ಬೆಲ್ಜಿಯನ್ ರೈಡರ್. ನನಗೆ ಈ ಮಾತು ಒಪ್ಪಿಗೆ ಇಲ್ಲ. ಮರ್ಕ್ಸ್ ಅಂಥವರ ಚಕ್ರದ ಹಿಂದೆ ಗಂಟೆಗಟ್ಟಲೆ ಉಳಿಯೋದು ಸುಮ್ನೆ ಆಗುವ ಕೆಲಸವಲ್ಲ.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಬಂದರೆ ನಿಮ್ಮ ಶಕ್ತಿಯ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರು ಅದನ್ನು ಸೀಳಿಕೊಟ್ಟರೆ ಅದೇ ವೇಗಕ್ಕೆ ನೀವು ಬಹಳ ಕಡಿಮೆ ತುಳಿದರೆ ಸಾಕು. ಮರೆ ಸಿಕ್ಕಿದ್ದು ಕಿವಿಗೇ ಗೊತ್ತಾಗುತ್ತದೆ. ಗಾಳಿಯ ಭೋರ್ ಸದ್ದು ತಟ್ಟನೆ ಇಳಿಯುತ್ತದೆ.

ಮೊದಲ ದಿನ ಒಂದು ಸೈಕಲ್ ಉದ್ದದಷ್ಟು ಜಾಗ ಬಿಡಿ. ಅಷ್ಟು ದೂರದಲ್ಲೂ ಮರೆ ಸಿಗುತ್ತದೆ. ಮುಂದಿನವರ ನಡೆ ಗೊತ್ತಾದ ಮೇಲೆ ನಿಧಾನವಾಗಿ ಅರ್ಧ ಸೈಕಲ್‌ಗೆ ಬನ್ನಿ. ಅವರ ಹಿಂದಿನ ಚಕ್ರವನ್ನೇ ದಿಟ್ಟಿಸಬೇಡಿ. ಅವರ ಸೊಂಟ, ಹೆಗಲು, ಅದರಾಚೆಯ ರಸ್ತೆ, ಇಷ್ಟೂ ಒಟ್ಟಿಗೆ ಕಣ್ಣಿಗೆ ಬೀಳುತ್ತಿರಲಿ. ಹತ್ತಿರವಾದಿರಿ ಅನ್ನಿಸಿದರೆ ಗಬಕ್ಕನೆ ಬ್ರೇಕ್ ಹಿಡಿಯಬಾರದು, ನಿಮ್ಮ ಹಿಂದಿನವರು ಬಂದು ಗುದ್ದುತ್ತಾರೆ. ಸ್ವಲ್ಪ ಎದ್ದು ಕೂತು ಎದೆಗೆ ಗಾಳಿ ತಗೊಳ್ಳಿ. ಗಾಳಿಯೇ ಬ್ರೇಕ್ ಆಗುತ್ತದೆ. ಕಾಲು ನಿಲ್ಲಿಸಬೇಡಿ, ಹಗುರವಾಗಿ ತಿರುಗುತ್ತಲೇ ಇರಲಿ. ನಮ್ಮ ಗುಂಪಿನ ಗದಗಿನ ಹುಡುಗ ಶುರುವಿನಲ್ಲಿ ನನಗೆ ಇದನ್ನೇ ಕೂಗಿ ಕೂಗಿ ಹೇಳುತ್ತಿದ್ದ: "ಕಾಕಾ, ಬ್ರೇಕ್ ಮುಟ್ಟಬ್ಯಾಡ್ರಿ, ಎದ್ದು ಕುಂದರ್ರಿ!"

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ನಿಮ್ಮ ಮುಂದಿನ ಚಕ್ರ ಯಾವತ್ತೂ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಬಾರದು. ಅವರು ಒಂದು ಗೇಣು ಸರಿದರೂ ನಿಮ್ಮ ಚಕ್ರಕ್ಕೆ ತಾಗುತ್ತದೆ. ಆಗ ಬೀಳುವವರು ನೀವೇ. ಹ್ಯಾಂಡಲ್ ಆಚೀಚೆ ಆಡಲು ಜಾಗ ಇಲ್ಲದಿದ್ದರೆ ಸೈಕಲ್ ಬ್ಯಾಲೆನ್ಸ್ ಉಳಿಸಿಕೊಳ್ಳಲಾರದು. ಕಾಮಶೇತ್ ಸಮೀಪ ನನಗೆ ಹೀಗೇ ಆಯಿತು. ಮುಂದಿದ್ದ ನಮ್ಮ ಗುಂಪಿನ ರಾಯರು ಗುಂಡಿ ತಪ್ಪಿಸಲು ಎಡಕ್ಕೆ ಸರಿದರು, ನಾನು ಎಡಗಡೆ ಅರ್ಧ ಚಕ್ರ ಮುಂದಿದ್ದೆ. ಮೊಣಕೈ, ತೊಡೆ ಕಿತ್ತುಹೋದವು, ಹೆಲ್ಮೆಟ್ ಸೀಳಿತು. ತಪ್ಪು ನನ್ನದೇ. ಮೂರು ವಾರ ಸೈಕಲ್ ಮುಟ್ಟಲು ಭಯ. ಆಗ ನೆನಪಿಗೆ ಬಂದಿದ್ದು ಝೂಟೆಮೆಲ್ಕ್ ಅವರ 1974. ಮಿಡಿ ಲಿಬ್ರ್ ರೇಸಿನಲ್ಲಿ ನಿಂತಿದ್ದ ಕಾರಿಗೆ ಬಡಿದು ಅವರ ತಲೆಬುರುಡೆಯೇ ಬಿರಿದಿತ್ತು. ಮರುವರ್ಷ ಪ್ಯಾರಿಸ್-ನೀಸ್ ರೇಸ್ ಗೆದ್ದರು. ನಾಲ್ಕನೇ ಭಾನುವಾರ ನಾನು ಮತ್ತೆ ಚೌಕಕ್ಕೆ ಹೋದೆ. ಮೊದಲ ದಿನದ ಹಾಗೆ, ಒಂದು ಸೈಕಲ್ ದೂರದಿಂದ ಶುರು ಮಾಡಿದೆ.

ಗುಂಡಿ ಕಂಡವರು ಕೂಗಬೇಕು, ಕೈ ಇಳಿಸಿ ತೋರಿಸಬೇಕು. ನಾವು 'ಖಡ್ಡಾ' ಅಂತ ಮರಾಠಿಯಲ್ಲೇ ಕೂಗುತ್ತೇವೆ. ಹಿಂದೆ ಬೇರೆ ಗುಂಪಿನವರು ಸೇರಿಕೊಂಡಿದ್ದರೆ ಅವರಿಗೂ ತಿಳಿಯಬೇಕಲ್ವಾ?

ಮರೆ ತಗೊಂಡ ಮೇಲೆ ಮರೆ ಕೊಡಲೂ ಬೇಕು. ನಿಮ್ಮ ಸರದಿ ಬಂದಾಗ ಉತ್ಸಾಹದಲ್ಲಿ ವೇಗ ಏರಿಸಬೇಡಿ, ಹಿಂದಿನವರು ಕಳಚಿಕೊಳ್ಳುತ್ತಾರೆ. ಅದೇ ವೇಗದಲ್ಲಿ ಎರಡು ನಿಮಿಷ ಎಳೆಯಿರಿ. ಶಕ್ತಿ ಕಡಿಮೆ ಇದ್ದವರು ಅರ್ಧ ನಿಮಿಷ ಎಳೆದರೂ ಸಾಕು, ಆದರೆ ತಪ್ಪಿಸಬೇಡಿ. ಆಮೇಲೆ ಹಿಂದೆ ತಿರುಗಿ ನೋಡಿ, ಕೈ ಆಡಿಸಿ, ಪಕ್ಕಕ್ಕೆ ಸರಿದು ನಿಧಾನ ಮಾಡಿ, ಕೊನೆಯವರ ಹಿಂದೆ ಸೇರಿಕೊಳ್ಳಿ. ಲಾರಿ ಬರುತ್ತಿದ್ದರೆ ಸರಿಯುವುದೇ ಬೇಡ, ಅದು ಹೋಗಲಿ. ಲಾರಿ, ಟೆಂಪೋ ಹಿಂದೆ ಮರೆ ಹಿಡಿಯುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಅದರ ಮುಂದೆ ಏನಿದೆ ಅಂತ ನಿಮಗೆ ಕಾಣುವುದಿಲ್ಲ.

ಕಡಿದಾದ ಏರಿನಲ್ಲಿ ವೇಗ ಇಳಿಯುವುದರಿಂದ ಮರೆಯ ಲಾಭ ಅಷ್ಟಕ್ಕಷ್ಟೇ. ಅಲ್ಲಿ ಅವರವರ ಉಸಿರಿಗೆ ತಕ್ಕಂತೆ ಹತ್ತಿ, ಮೇಲೆ ಸೇರಿಕೊಳ್ಳಿ.

ಉಳಿಸಿದ ಶಕ್ತಿ ಎಲ್ಲಿ ಖರ್ಚು ಮಾಡಬೇಕು ಅನ್ನೋದಕ್ಕೆ 1985ರ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಇಟಲಿಯ ಜಾವೆರಾ ದೆಲ್ ಮಾಂಟೆಲ್ಲೊ ಊರು. ಝೂಟೆಮೆಲ್ಕ್ ಅವರಿಗೆ 38 ವರ್ಷ. 250 ಕಿಲೋಮೀಟರಿಗೂ ಜಾಸ್ತಿ ದೂರವನ್ನು ಗುಂಪಿನೊಳಗೇ ಕಳೆದು, ಕೊನೆಯಲ್ಲಿ ಒಂದೇ ಸಲ ಹೊರಟರು. ಗ್ರೆಗ್ ಲೆಮಾಂಡ್, ಮೊರೆನೊ ಅರ್ಜೆಂಟಿನ್ ಅಂಥವರು ಯಾರು ಬೆನ್ನಟ್ಟಬೇಕು ಅಂತ ಒಬ್ಬರನ್ನೊಬ್ಬರು ನೋಡುತ್ತಲೇ ಉಳಿದರು. ಅಷ್ಟರಲ್ಲಿ ಗೆರೆ ದಾಟಿ ಆಗಿತ್ತು. ನಾನು ನನ್ನ ಶಕ್ತಿಯನ್ನು ಲೋನಾವಳಾಕ್ಕೆ ಮುಂಚಿನ ಕೊನೆಯ ಐದು ಕಿಲೋಮೀಟರಿಗೆ ಇಟ್ಟುಕೊಳ್ಳುತ್ತೇನೆ. ಅಲ್ಲಿ ಮೂವರೂ ದಣಿದಿರುತ್ತಾರೆ. ಆಗ ಮುಂದೆ ಹೋಗಿ ಗಾಳಿಗೆ ಎದೆ ಕೊಡುವುದು ನಾನು.

ಹಾಂ, ಮಳೆಗಾಲಕ್ಕೆ ಮುಂಚೆ ಹಿಂದಿನ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಹಾಕಿಸಿ. ಇಲ್ಲದಿದ್ದರೆ ನಿಮ್ಮ ಚಕ್ರದ ಕೆಸರೆಲ್ಲ ಹಿಂದಿನವರ ಕಣ್ಣಿಗೆ.